ಕರೆಂಟು ಹೋದಾಗ ಓದುತ್ತಿದ್ದವಳು

ಕರೆಂಟು ಹೋದ ಮರುಕ್ಷಣ ಹುಟ್ಟುವ ನಿಶ್ಶಬ್ದವನ್ನು ಬೇರೆಯವರು ಹೇಗೆ ಕೇಳುತ್ತಾರೋ ನನಗೆ ತಿಳಿಯದು. ನನ್ನ ಕಿವಿಗೆ ಅದು ಇಂದಿಗೂ ಯಾರೋ ಪುಸ್ತಕದ ಹಾಳೆ ತಿರುವುವ ಮುನ್ನ ಗಂಟಲು ಸರಿಮಾಡಿಕೊಳ್ಳುವ ಹೊತ್ತು. ಕೆಲವು ವರ್ಷಗಳ ಹಿಂದೆ ಜಮಖಂಡಿಯ ಒಂದು ಸಭಾಂಗಣದಲ್ಲಿ ಓದಿನ ಮಹತ್ವ ಕುರಿತು ಕಾರ್ಯಕ್ರಮವಿತ್ತು. ದೂರದ ಊರಿನಿಂದ ಬಂದಿದ್ದ ಮುಖ್ಯ ಅತಿಥಿಗಳು ಕೈಯಲ್ಲಿ ಗುಲಾಬಿ ಹಿಡಿದುಕೊಂಡೇ ಮಾತನಾಡುತ್ತಿದ್ದರು. “ಈ ಭಾಗದಲ್ಲಿ ಕಬ್ಬು ಬೆಳೆಯಿತು, ಮಗ್ಗ ಬೆಳೆಯಿತು, ಆದರೆ ಓದುವ ಹವ್ಯಾಸ ಬೆಳೆಯಲಿಲ್ಲ. ಇಲ್ಲಿನ ಜನರಿಗೆ ಅದರ ಹಸಿವೇ ಇಲ್ಲ” ಎಂದರು. ಮುಂದಿನ ಸಾಲಿನಲ್ಲಿ ಕುಳಿತ ನಮ್ಮದೇ ಊರಿನ ದೊಡ್ಡವರು ತಲೆಯಾಡಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನುಗಳು ನಿಧಾನವಾದವು, ಮೈಕು ಸತ್ತಿತು, ಜನ ಕುರ್ಚಿಯಲ್ಲಿ ಹೊರಳಿದರು. ಮುಂದಿನ ಭಾಷಣಕಾರ್ತಿಯಾಗಿ ವೇದಿಕೆಯ ಮೇಲೆ ಕುಳಿತಿದ್ದ ನನಗೆ ಆ ಸಭಾಂಗಣ ಕಾಣಿಸಲಿಲ್ಲ. ಬನಹಟ್ಟಿಯ ಒಂದು ತಗಡಿನ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳು ಒಂದರ ಹಿಂದೊಂದು ಉಸಿರು ಚೆಲ್ಲಿ ನಿಲ್ಲುವುದು, ಲಾಳಿಗಳು ಅರ್ಧ ದಾರಿಯಲ್ಲೇ ತಂಗುವುದು, ಆ ಬಿಡುವಿನೊಳಗೆ ನನ್ನ ಅಕ್ಕನ ದನಿ, “ನಿನ್ನಿ ಎಲ್ಲಿಗಿ ನಿಂತಿತ್ತ?” ಎಂದು ಕೇಳುವುದು, ಇಷ್ಟೇ ನನಗೆ ಕೇಳಿಸಿತು. ಹಸಿವಿಲ್ಲ ಎಂದ ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಆದರೆ ಆ ಸಿಟ್ಟಿಗೆ ಪೂರಾ ಅವರೊಬ್ಬರೇ ಹಕ್ಕುದಾರರಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ನಮ್ಮದು ನೇಕಾರರ ಮನೆ. ಮುಂದೆ ಒಂದು ಪಡಸಾಲೆ, ಪಕ್ಕಕ್ಕೆ ಅಡುಗೆಮನೆ, ಹಿಂದೆ ಮನೆಗಿಂತ ದೊಡ್ಡದಾದ ಮಗ್ಗದ ಶೆಡ್ಡು, ಅದರಾಚೆ ಬೇಲಿಗೆ ಹೊಂದಿ ಒಂದು ಖಾಲಿ ಖೋಲಿ. ಗಂಜಿ ಹಾಕಿದ ನೂಲಿನ ಹುಳಿವಾಸನೆ, ಯಂತ್ರದ ಎಣ್ಣೆಯ ವಾಸನೆ, ಬೆವರು ಮೆತ್ತಿದ ಹತ್ತಿಯ ಧೂಳು, ಇವು ನಮ್ಮ ಅನ್ನದಲ್ಲೂ ಹಾಸಿಗೆಯಲ್ಲೂ ಇದ್ದವು. ವಿದ್ಯುತ್ ಮಗ್ಗ ನಡೆಯುತ್ತಿರುವಾಗ ಆ ಮನೆಯಲ್ಲಿ ಮಾತು ಎನ್ನುವುದು ಇರಲಿಲ್ಲ. ಅಡುಗೆಮನೆಯ ಹಲಗೆಯ ಮೇಲೆ ಹಿತ್ತಾಳೆಯ ಗಂಗಾಳಗಳು ಸಣ್ಣಗೆ ನಡುಗುತ್ತಿದ್ದವು, ಗೋಡೆಯ ಕ್ಯಾಲೆಂಡರು ಗಾಳಿಯಿಲ್ಲದೆಯೇ ಅಲುಗುತ್ತಿತ್ತು. ನಾವು ಕೈಯಿಂದ ಮಾತನಾಡುತ್ತಿದ್ದೆವು. ಬೆರಳು ಗಂಟಲಿಗೆ ಮುಟ್ಟಿಸಿದರೆ ನೀರು, ಅಂಗೈ ತಟ್ಟಿದರೆ ರೊಟ್ಟಿ, ಇಲ್ಲದ ಮೀಸೆಯನ್ನು ತಿರುವಿದರೆ ನೂಲು ಕೊಟ್ಟು ಬಟ್ಟೆ ಒಯ್ಯುವ ಸಾವಕಾರರ ಲೆಕ್ಕದ ಕಾರಕೂನ ಬಂದಿದ್ದಾನೆ ಎಂದು. ಉಳಿದದ್ದನ್ನು ತುಟಿ ನೋಡಿ ತಿಳಿಯುತ್ತಿದ್ದೆವು. ಅಪ್ಪ ಎರಡು ಮಗ್ಗ ನಡೆಸುತ್ತಿದ್ದ. ಅವ್ವ ಅಡುಗೆ ಮುಗಿಸಿ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಇನ್ನೆರಡು ಮಗ್ಗಗಳಿಗೆ ಒಬ್ಬ ಆಳಿದ್ದ. ಅವನು ಕೆಲಸ ಬಿಟ್ಟು ಹೋದ ವಾರ ಎಂಟನೆಯ ಇಯತ್ತೆಯಲ್ಲಿದ್ದ ನನ್ನ ಅಕ್ಕ ನೀಲಾ ಶಾಲೆ ಬಿಟ್ಟಳು. ಬಿಟ್ಟಳು ಎಂದು ಬರೆಯುತ್ತೇನೆ. ಹಾಗೆಯೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು, ಶಾಲೆಯ ಹಾಜರಿ ಪುಸ್ತಕದಲ್ಲೂ ಹಾಗೆಯೇ ಬರೆದಿರಬೇಕು. ಬಿಡಿಸಿದರು ಎಂದು ಯಾರೂ ಬರೆಯುವುದಿಲ್ಲ. ಆಗ ನಾನು ಮೂರನೆಯ ಇಯತ್ತೆ. ಅವಳ ಪಾಟಿಚೀಲ ನನಗೆ ಬಂತು, ಮತ್ತು ನಾನು ಅದರಿಂದ ಬಹಳ ಸಂತೋಷಪಟ್ಟೆ.

ಊರೆಲ್ಲ ಕರೆಂಟು ಹೋಗುವುದನ್ನು ಶಪಿಸುತ್ತಿದ್ದ ಕಾಲ ಅದು. ಒಂದು ವಾರ ಬೆಳಿಗ್ಗೆ ಇದ್ದರೆ ಮಧ್ಯಾಹ್ನ ಇಲ್ಲ, ಮರುವಾರ ಮಧ್ಯಾಹ್ನ ಇದ್ದರೆ ಬೆಳಿಗ್ಗೆ ಇಲ್ಲ. ಪಾಳಿಯ ನಡುವೆಯೂ ಹೇಳದೆ ಕೇಳದೆ ಹೋಗುತ್ತಿತ್ತು. ಆದರೆ ನಮ್ಮ ಶೆಡ್ಡಿನಲ್ಲಿ ಆ ಹೊತ್ತಿಗಾಗಿ ಕಾಯುವ ಒಂದು ಗುಟ್ಟಿನ ರೂಢಿ ಹುಟ್ಟಿಕೊಂಡಿತು. ಮಗ್ಗ ನಿಂತ ಕೂಡಲೇ ಅಕ್ಕ ಕೈಯೊರೆಸಿಕೊಂಡು, ತನ್ನ ಮಗ್ಗದ ಕಟ್ಟಿಗೆಯ ಮೇಲೆ ಕುಳಿತು ಓದತೊಡಗುವಳು. ಮೊದಮೊದಲು ನನ್ನ ಪಠ್ಯಪುಸ್ತಕಗಳನ್ನೇ ಓದಿದಳು. ಅವು ಮುಗಿದ ಮೇಲೆ ಕಿರಾಣಿ ಸಾಮಾನು ಸುತ್ತಿ ಬಂದ ಹಾಳೆಗಳನ್ನು. ಆಮೇಲೆ ಮಾಸ್ತರರು ಬಂದರು. ಬೀಳಗಿ ತಾಲೂಕಿನ ಹೊಳೆದಂಡೆಯ ಊರೊಂದರ ನಿವೃತ್ತ ಶಿಕ್ಷಕರು. ಆಣೆಕಟ್ಟಿನ ಹಿನ್ನೀರು ಅವರ ಊರನ್ನು ನುಂಗಿತ್ತು. ಹೊಸ ಊರಿನಲ್ಲಿ ಜಾಗ ಸಿಗುವ ತನಕ ಎಂದು ನಮ್ಮ ಹಿಂದಿನ ಖೋಲಿಯನ್ನು ಹಿಡಿದವರು ನಾಲ್ಕಾರು ವರ್ಷ ಅಲ್ಲೇ ಉಳಿದರು. ಎರಡು ತಗಡಿನ ಟ್ರಂಕುಗಳು ಅವರ ಜೊತೆಗಿದ್ದವು. ಅದು ಆ ಊರಿನ ವಾಚನಾಲಯ. ಮುಳುಗುವ ಮುನ್ನ ಅಧಿಕಾರಿಗಳು ಬಂದು ಬಾಗಿಲು ಎಷ್ಟು, ಕಿಟಕಿ ಎಷ್ಟು, ಬಾವಿಯ ಆಳ ಎಷ್ಟು, ಬೇವಿನ ಗಿಡದ ಸುತ್ತಳತೆ ಎಷ್ಟು ಎಂದು ಬರೆದುಕೊಂಡು ಹೋದರಂತೆ. ಮಾಸ್ತರರು ಪುಸ್ತಕಗಳನ್ನು ತೋರಿಸಿದಾಗ ಬರೆದುಕೊಳ್ಳುವ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರಂತೆ. ಒಂದು ಊರಿನ ಜನ ತಲೆಮಾರಿನಿಂದ ಬೆರಳು ತಾಗಿಸಿ ಮೂಲೆ ಮಡಚಿದ ಪುಸ್ತಕಗಳು ಬೇವಿನ ಗಿಡದಷ್ಟೂ ಅಲ್ಲ ಎಂದು ಸರ್ಕಾರದ ಹಾಳೆ ತೀರ್ಮಾನಿಸಿತ್ತು. ನಾನು ಇಂದು ಸಭೆಗಳಲ್ಲಿ ಕಟುವಾಗಿ ಮಾತನಾಡುತ್ತೇನೆ ಎಂದು ಆಕ್ಷೇಪಿಸುವವರು ಆ ಟ್ರಂಕುಗಳ ಮುಚ್ಚಳ ತೆರೆದಾಗ ಬರುತ್ತಿದ್ದ ಒದ್ದೆ ಕಾಗದದ ವಾಸನೆಯನ್ನು ಒಮ್ಮೆ ಮೂಸಿದ್ದರೆ ಸಾಕಿತ್ತು.

ಟ್ರಂಕಿನಲ್ಲಿದ್ದ ಬಹುಪಾಲು ಕಾದಂಬರಿಗಳಿಗೆ ರಟ್ಟಿರಲಿಲ್ಲ. ಯಾರು ಬರೆದದ್ದು, ಏನು ಹೆಸರು, ಒಂದೂ ತಿಳಿಯದು. ಅಕ್ಕ ಓದುವಾಗ ಅಕ್ಕಪಕ್ಕದ ಶೆಡ್ಡುಗಳ ಹೆಂಗಸರೂ ಸೆರಗಿನಿಂದ ಹತ್ತಿಯ ಧೂಳು ಕೊಡವಿಕೊಳ್ಳುತ್ತ ಬಂದು ಕೂರುವರು. ಅಪ್ಪ ಮಗ್ಗಕ್ಕೆ ಬೆನ್ನು ಕೊಟ್ಟು, ಬೀಡಿಯನ್ನು ಹಚ್ಚದೆ ತುಟಿಯಲ್ಲಿಟ್ಟುಕೊಂಡು ಕೇಳುವನು. ಕಥೆ ಎಲ್ಲಿದ್ದರೂ ಸರಿ, ಕರೆಂಟು ಬಂದ ಕೂಡಲೇ ನಿಲ್ಲಬೇಕು. ಒಮ್ಮೆ ಒಬ್ಬ ಸೊಸೆ ಬೆಳಗಾಗುವ ಮುನ್ನ ಗಂಡನ ಮನೆ ಬಿಟ್ಟು ಹೊಳೆಯ ದಂಡೆಗೆ ಬಂದು ನಾವೆಗಾಗಿ ಕಾಯುತ್ತಿದ್ದಳು. ದೂರದಲ್ಲಿ ನಾವೆ ಕಂಡಿತು, ಅದರಲ್ಲಿ ಯಾರೋ ಎದ್ದು ನಿಂತರು, ಅಷ್ಟರಲ್ಲಿ ಬಲ್ಬು ಹೊತ್ತಿತು. ನಾಲ್ಕು ಮಗ್ಗಗಳು ಮತ್ತೆ ಅರಚತೊಡಗಿದವು. ಇಡೀ ಮಧ್ಯಾಹ್ನ ಆ ಸೊಸೆ ನಮ್ಮೆಲ್ಲರ ತಲೆಯೊಳಗೆ ದಂಡೆಯ ಮೇಲೆ ನಿಂತೇ ಇದ್ದಳು. ನಡುವೆ ಅಪ್ಪ ನನ್ನನ್ನು ಕರೆದು, ತುಟಿಯಲ್ಲೇ ಕೇಳಿದ: “ನಾವ್ಯಾಗ ಗಂಡ ಅದಾನೇನ?” ಅವ್ವ ದೂರದಿಂದಲೇ ಅದನ್ನು ಓದಿ, ಕಂಡಿಕೆ ಹಿಡಿದ ಕೈಯನ್ನು ಅಡ್ಡ ಆಡಿಸಿ, “ಅತ್ತಿ ಇರಬೇಕ, ಮುಳಗಲಿ” ಎಂದಳು. ಅಕ್ಕ ಇಬ್ಬರನ್ನೂ ನೋಡಿ ನಕ್ಕಳು. ಆ ಪುಸ್ತಕದ ಕೊನೆಯ ಹಾಳೆಗಳೂ ಇರಲಿಲ್ಲ. ಅಕ್ಕ ಸೀರೆಯ ಪೆಟ್ಟಿಗೆಯಲ್ಲಿ ಬರುವ ಬಿಳಿಯ ರಟ್ಟುಗಳ ಮೇಲೆ ಅದರ ಕೊನೆಯನ್ನು ತಾನೇ ಬರೆದು, ಪುಸ್ತಕದ್ದೇ ಎಂಬಂತೆ ಓದಿಬಿಟ್ಟಳು. ನಾವೆಯಲ್ಲಿ ಗಂಡನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಅಂಬಿಗನೊಬ್ಬನೇ ಇದ್ದ, ಅವನು ಎಲ್ಲಿಗೆ ಎಂದು ಕೇಳಿದ, ಅವಳಿಗೆ ಹೇಳಲು ಒಂದು ಊರಿನ ಹೆಸರೂ ಗೊತ್ತಿರಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಮಾಸ್ತರರೊಬ್ಬರೇ ಆ ರಟ್ಟುಗಳನ್ನು ಕಂಡವರು. “ಏನವಾ, ಇದು ಪುಸ್ತಕದಾಗ ಎಲ್ಲಿ ಐತಿ?” ಎಂದು ಕೇಳಿದರು. ಅಕ್ಕ, “ಹರಕೊಂಡ ಹೋದ ಹಾಳ್ಯಾಗ ಇತ್ತರೀ ಸರ” ಎಂದಳು. ಅವರು ರಟ್ಟುಗಳನ್ನು ಜೋಡಿಸಿ ಅವಳ ಕೈಗಿಟ್ಟು, “ನೀ ಹತ್ತನೇತ್ತೆ ಪರೀಕ್ಷಾ ಕಟ್ಟು” ಎಂದರು.

ಓದು ಮನುಷ್ಯನನ್ನು ಬೆಳೆಸುತ್ತದೆ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ನಾನೂ ನೂರು ಬಾರಿ ಹೇಳಿದ್ದೇನೆ. ಆದರೆ ನಾನು ಅದನ್ನು ಕಣ್ಣಾರೆ ಕಂಡದ್ದು ಒಬ್ಬಳಲ್ಲೇ. ಅವಳ ನಡಿಗೆ ಬದಲಾಯಿತು, ಅವಳು ಕೇಳುವ ಪ್ರಶ್ನೆಗಳು ಬದಲಾದವು. ಕೂಲಿಯ ಲೆಕ್ಕವನ್ನು ಬಾಯಲ್ಲೇ ಹೇಳಿ ಹೊರಟ ಸಾವಕಾರರ ಕಾರಕೂನನಿಗೆ “ನೀವ ಹೇಳೂದು ಖರೆ ಐತಿ, ಬರದ ಕೊಡ್ರಿ” ಎಂದು ನಿಂತು ಹೇಳಿದಳು. ಅವನು ಅಪ್ಪನ ಕಡೆ ತಿರುಗಿ, “ಮಗಳಿಗಿ ವಕೀಲಕಿ ಕಲಿಸಾಕತ್ತೀರೇನು?” ಎಂದು ಕೆಣಕಿದ. ಕರೆಂಟು ಇಲ್ಲದಾಗ ಓದಿದ್ದು ಸಾಲದೆ ಅವಳು ಕರೆಂಟು ಇದ್ದಾಗಲೂ ಓದುವ ದಾರಿ ಹುಡುಕಿದಳು. ಬಾಹ್ಯ ಅಭ್ಯರ್ಥಿಯಾಗಿ ಹತ್ತನೆಯ ಪರೀಕ್ಷೆಗೆ ಕೂರುವ ಅರ್ಜಿಯನ್ನು ಮಾಸ್ತರರು ತುಂಬಿ ಕಳುಹಿಸಿದ ಮೇಲೆ, ಪಾಠದ ಹಾಳೆಗಳನ್ನು ನೂಲಿನ ಗಂಜಿಯಿಂದಲೇ ಮಗ್ಗದ ಮೇಲಿನ ಅಡ್ಡಪಟ್ಟಿಗೆ ಅಂಟಿಸಿಕೊಂಡಳು. ಕಣ್ಣು ಅಲ್ಲಿ, ಕೈ ಇಲ್ಲಿ. ನಡುವೆ ಎಳೆ ಹರಿದದ್ದು ಕಾಣದೆ ಬಟ್ಟೆಯಲ್ಲಿ ದೋಷ ಬೀಳತೊಡಗಿತು. ಅಪ್ಪ ಸಂಜೆ ಬಟ್ಟೆ ಮಡಚುವಾಗ ಬೆರಳಾಡಿಸಿ ಅವನ್ನು ಹುಡುಕಿ ಹೆಸರಿಡುವನು. “ಇದ ಗಣಿತ. ಉದ್ದಾಕ ಹೋಗೇತಿ ನೋಡ. ಇದ ಸಣ್ಣದ, ಇಂಗ್ಲೀಷ ಇರಬೇಕ. ಇದ ಯಾವ ರಾಜಾ ಸತ್ತದ್ದು, ಇಷ್ಟ ದೊಡ್ಡ ತೂತ ಬಿದ್ದೇತಿ?” ನಾವೆಲ್ಲ ನಗುತ್ತಿದ್ದೆವು. ಅಪ್ಪನೂ ನಗುತ್ತಿದ್ದ. ಅವನು ಕ್ರೂರಿಯಾಗಿರಲಿಲ್ಲ. ಇದನ್ನು ನಾನು ಅವನ ಪರವಾಗಿ ಹೇಳುತ್ತಿಲ್ಲ. ಕ್ರೂರಿಯಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಥೆಗೆ ಕಣ್ಣೀರು ಹಾಕಬಲ್ಲವನು, ಮಗಳ ದನಿಗಾಗಿ ಹಚ್ಚದ ಬೀಡಿ ಹಿಡಿದು ಕಾಯಬಲ್ಲವನು, ಆ ದನಿಗೆ ಒಂದು ಪ್ರಮಾಣಪತ್ರ ಬೇಕೆಂದಾಗ ಮಾತ್ರ ಮಗ್ಗದ ಕಡೆ ಕೈ ತೋರಿಸಿದ. ಅವಳ ಓದು ನಮಗೆಲ್ಲ ಬೇಕಿತ್ತು. ಅವಳು ಓದುವುದು ಯಾರಿಗೂ ಬೇಕಿರಲಿಲ್ಲ.

ಅಪ್ಪ ಹಾಕಿದ ಶರತ್ತು ಹೀಗಿತ್ತು: ಕರೆಂಟು ಇಲ್ಲದ ದಿನ ಪರೀಕ್ಷೆಗೆ ಹೋಗಬಹುದು, ಇದ್ದ ದಿನ ಮಗ್ಗ ಬಿಡುವಂತಿಲ್ಲ. “ಆರೂ ಪೇಪರ್ ಮುಂಜಾನಿ ಅದಾವ. ಮುಂಜಾನಿ ಕರೆಂಟ ಇರೂದಿಲ್ಲ. ಮತ್ತೇನು?” ಎಂದ. ಇಂಥ ಶರತ್ತನ್ನು ಇಂದು ಯಾರಿಗಾದರೂ ಹೇಳಿದರೆ ನಾನು ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನಮಗೆ ಅದು ಆಗ ವಿಚಿತ್ರವೆನಿಸಲಿಲ್ಲ. ಮದುವೆಯ ಮಾತು, ಬೀಗರೂಟ, ಹಲ್ಲು ಕೀಳಿಸುವುದು, ಎಲ್ಲವನ್ನೂ ನಾವು ಕರೆಂಟಿನ ಪಾಳಿ ನೋಡಿಯೇ ಗೊತ್ತುಮಾಡುತ್ತಿದ್ದೆವು. ಮಾಸ್ತರರು ಲೈನ್‌ಮನ್‌ನನ್ನು ಕಂಡು ವಿಚಾರಿಸಿಕೊಂಡು ಬಂದರು. ಪರೀಕ್ಷೆಯ ಆ ದಿನಗಳಲ್ಲಿ ಬೆಳಗಿನ ಪಾಳಿ ಇಲ್ಲವೇ ಇಲ್ಲ ಎಂದು ಅವನು ಹೇಳಿದ್ದ. ಅಕ್ಕ ಒಪ್ಪಿದಳು. ಶರತ್ತಿಗೆ ಒಪ್ಪಿದ್ದನ್ನು ಜಯವೆಂದು ನಾವು ಭಾವಿಸಿದೆವು. ರಬಕವಿಯ ಒಂದು ಹೈಸ್ಕೂಲು ಅವಳ ಪರೀಕ್ಷಾ ಕೇಂದ್ರವಾಗಿತ್ತು. ನಡೆದು ಹೋಗುವಷ್ಟು ಹತ್ತಿರ.

ಆ ಹೊತ್ತಿಗೆ ನಾನು ಜಮಖಂಡಿಯ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷ ಮುಗಿಸುತ್ತಿದ್ದೆ. ಒಂದು ಮನೆಯಿಂದ ಒಬ್ಬ ಮಗಳು ಓದಿದರೆ ಸಾಕು ಎಂಬ ಲೆಕ್ಕದಲ್ಲಿ ಆ ಒಬ್ಬಳು ನಾನಾಗಿದ್ದೆ. ಚರ್ಚಾಸ್ಪರ್ಧೆ ನನ್ನ ಹುಚ್ಚು. ನನ್ನ ಭಾಷಣಗಳನ್ನೆಲ್ಲ ಅಕ್ಕ ಬರೆಯುತ್ತಿದ್ದಳು, ಅದೇ ಸೀರೆಯ ಪೆಟ್ಟಿಗೆಯ ರಟ್ಟುಗಳ ಮೇಲೆ. ತಾಲೀಮು ಕೂಡ ಅವಳದೇ. ಮಗ್ಗ ನಡೆಯುತ್ತಿರುವಾಗ ಶೆಡ್ಡಿನ ಈ ತುದಿಯಲ್ಲಿ ನಾನು ನಿಂತು ಭಾಷಣ ಮಾಡಬೇಕು. ನನ್ನ ದನಿ ನನಗೇ ಕೇಳಿಸದು. ಆ ತುದಿಯಲ್ಲಿ ಎರಡು ಮಗ್ಗಗಳ ನಡುವೆ ನಿಂತ ಅಕ್ಕ ನನ್ನ ತುಟಿ ಓದಿ, ಅವಸರ ಮಾಡಿದರೆ ಅಂಗೈ ಇಳಿಸುವಳು, ಪದ ನುಂಗಿದರೆ ಕಿವಿ ಹಿಡಿದು ತೋರಿಸುವಳು. “ತುಟಿ ನೋಡಿದವರಿಗೆ ತಿಳೀಬೇಕ. ಕಿವಿ ಇದ್ದವರಿಗೆ ತಿಳಿಸೂದು ಏನ ದೊಡ್ಡದು?” ಎನ್ನುತ್ತಿದ್ದಳು. ನನ್ನ ಉಚ್ಚಾರವನ್ನು ಹೊಗಳಿದ ತೀರ್ಪುಗಾರರಾರಿಗೂ ನನ್ನ ಗುರು ಯಾರೆಂದು ನಾನು ಹೇಳಲಿಲ್ಲ. ಅವರು ಕೇಳಲಿಲ್ಲ ಎಂಬುದು ನಿಜ. ಕೇಳದಿದ್ದರೂ ಹೇಳಬಹುದಿತ್ತು. ಆ ಮಾರ್ಚಿನಲ್ಲಿ ಹಲವು ಕಾಲೇಜುಗಳ ನಡುವೆ ದೊಡ್ಡ ಸ್ಪರ್ಧೆಯೊಂದು ಏರ್ಪಟ್ಟಿತು. ವಿಷಯ, ಹೆಣ್ಣುಮಕ್ಕಳ ಶಿಕ್ಷಣವೇ ಸಮಾಜದ ನಿಜವಾದ ಪ್ರಗತಿ. ನಾನು ಪರವಾಗಿ ಮಾತನಾಡಬೇಕಿತ್ತು. ದಿನ, ಅಕ್ಕನ ಮೊದಲ ಪೇಪರಿನ ದಿನವೇ. ಮೊದಲ ಪೇಪರು ಕನ್ನಡ, ಅವಳು ಎಲ್ಲಕ್ಕಿಂತ ಹೆಚ್ಚಾಗಿ ಕಾದಿದ್ದ ಪೇಪರು.

ಆ ಬೆಳಿಗ್ಗೆ ಅಕ್ಕ ನೀಲಿ ಸೀರೆ ಉಟ್ಟಿದ್ದಳು, ನಮ್ಮ ಮಗ್ಗದ್ದೇ. ಪೆನ್ನಿಗೆ ಶಾಯಿ ತುಂಬಿ, ಪ್ರವೇಶಪತ್ರವನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅವ್ವ ಸಕ್ಕರೆ ಕೊಟ್ಟಳು. ಮಾಸ್ತರರು ಕೇಂದ್ರದ ತನಕ ಬರುವೆನೆಂದು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದರು. ನಾನು ಜಮಖಂಡಿಯ ಬಸ್ಸಿಗೆ ಹೊರಟು ನಿಂತಿದ್ದೆ. ಅಷ್ಟರಲ್ಲಿ ಶೆಡ್ಡಿನ ಬಲ್ಬು ಹೊತ್ತಿತು. ಮಬ್ಬಾದ ಹಳದಿ ಬಲ್ಬು. ಹಗಲಿನಲ್ಲಿ ಅದು ಹೊತ್ತಿದ್ದೂ ಸರಿಯಾಗಿ ಕಾಣುವುದಿಲ್ಲ. ಆದರೆ ಐದೂ ಜನರು ಅದನ್ನೇ ನೋಡಿದೆವು. ಪಾಳಿಯನ್ನು ಯಾಕೆ ಬದಲಿಸಿದರು, ಯಾರು ಬದಲಿಸಿದರು, ಯಾರಿಗೂ ತಿಳಿಯಲಿಲ್ಲ. ಯಾವುದೋ ಕಚೇರಿಯಲ್ಲಿ ಯಾರೋ ಒಂದು ಗುಂಡಿ ಒತ್ತಿರಬೇಕು.

ಅಪ್ಪ, “ಕರೆಂಟ ಬಂತು” ಎಂದ.

“ಅಪ್ಪಾ, ಇವತ್ತೊಂದ ದಿನಾ” ಎಂದಳು ಅಕ್ಕ.

“ಮಾತ ಆಗಿತ್ತಲ್ಲ ಯವ್ವಾ. ಮಾಲ ಮುಟ್ಟಸಬೇಕು, ಕಾರಕೂನ ದಿನಾ ಬಂದ ಕುಂಡ್ರಾಕತ್ತಾನ.”

ಮಾಸ್ತರರು ಅಂಗಳದಿಂದಲೇ, “ಮೂರು ತಾಸಿನ ಮಾತರೀ. ಎರಡು ಮಗ್ಗ ಮೂರು ತಾಸು ಬಂದ್ ಇದ್ದರ ಏನಾಗತೈತಿ?” ಎಂದರು.

ಅಪ್ಪ ಅವರನ್ನು ನೋಡಿ, ದನಿ ಏರಿಸದೆಯೇ ಹೇಳಿದ: “ಮಾಸ್ತರ, ನಿಮ್ಮ ಊರ ಮುಳಗೂ ಮುಂದ ಯಾರರೆ ಮೂರು ತಾಸು ನೀರ ತಡದ ಹಿಡದ್ರೇನ್ರಿ?”

ಮಾಸ್ತರರ ಮುಖ ಒಂದು ಕ್ಷಣದಲ್ಲಿ ಮುದಿಯಾದದ್ದನ್ನು ನಾನು ಕಂಡೆ. ಅದು ವಾದವಾಗಿರಲಿಲ್ಲ. ನೊಂದವನನ್ನು ಅವನ ನೋವಿನಿಂದಲೇ ಹೊಡೆಯುವುದು ವಾದವಲ್ಲ. ಇಂದಿನ ನಾನು ಅದಕ್ಕೆ ಹತ್ತು ಉತ್ತರ ಕೊಡಬಲ್ಲೆ. ಅಂದು ಒಂದೇ ಉತ್ತರ ಸಾಕಿತ್ತು, ಮತ್ತು ಅದನ್ನು ಕೊಡಬಲ್ಲವಳು ಆ ಅಂಗಳದಲ್ಲಿ ನಾನೊಬ್ಬಳೇ. ರಜೆಯಲ್ಲಿ ನಾನು ಎರಡೆರಡು ಮಗ್ಗ ನಡೆಸಿದ್ದೆ. ಅಕ್ಕನಷ್ಟು ಚೆನ್ನಾಗಿ ಅಲ್ಲ, ಆದರೆ ಮೂರು ತಾಸು ಕೈಬಿಡದೆ ನಡೆಸಬಲ್ಲವಳಾಗಿದ್ದೆ. ಅದು ಅಪ್ಪನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಏಕೆಂದರೆ ಓದುವ ಮಗಳು ನಾನು ಎಂದು ಆ ಮನೆಯಲ್ಲಿ ಯಾವಾಗಲೋ ತೀರ್ಮಾನವಾಗಿಬಿಟ್ಟಿತ್ತು. ಅಕ್ಕ ನನ್ನ ಕಡೆ ನೋಡಿದಳು. ಕೇಳಲಿಲ್ಲ, ನೋಡಿದಳು ಅಷ್ಟೇ. ನಾನು ಗೋಡೆಯ ಗಡಿಯಾರ ನೋಡಿ, “ಅಕ್ಕಾ, ಬಸ್ಸಿಗೆ ಹೊತ್ತಾತು” ಎಂದೆ. ಅವಳು ಸೊಂಟದ ಕರವಸ್ತ್ರ ತೆಗೆದು ಗೂಡಿನಲ್ಲಿಟ್ಟು, ನೀಲಿ ಸೀರೆಯ ಸೆರಗನ್ನು ಬಿಗಿಯಾಗಿ ಸುತ್ತಿ ಸಿಕ್ಕಿಸಿ, ಒಳಗೆ ಹೋದಳು. ಬೀದಿಯ ತಿರುವಿನ ತನಕ ಎರಡು ಮಗ್ಗಗಳ ಸದ್ದು, ಆಮೇಲೆ ನಾಲ್ಕರ ಸದ್ದು, ನನ್ನ ಬೆನ್ನ ಹಿಂದೆ ಬಂದವು.

ಜಮಖಂಡಿಯಲ್ಲಿ ಆ ಮಧ್ಯಾಹ್ನ ನಾನು ಮಾತನಾಡಿದ ರೀತಿಯನ್ನು ಬಹಳ ದಿನ ಜನ ನೆನಪಿಟ್ಟುಕೊಂಡರು. ಅಡುಗೆಮನೆಯ ಹೊಗೆಯಲ್ಲಿ, ಹೊಲದ ಬದುವಿನಲ್ಲಿ, ಮಗ್ಗದ ಗದ್ದಲದಲ್ಲಿ ಎಷ್ಟು ಪ್ರತಿಭೆಗಳು ಕಮರುತ್ತಿವೆ ಎಂದು ನಾನು ಕೇಳಿದಾಗ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗ್ಗದ ಗದ್ದಲ ಎಂಬ ಮಾತನ್ನು ಅಕ್ಕ ಬರೆಯುವಾಗ ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದಿದ್ದಳು. ರಟ್ಟಿನ ಮೇಲೆ ಆ ಗೀಟು ಕಾಣುತ್ತಿತ್ತು. ಅದನ್ನು ಉಚ್ಚರಿಸುವಾಗ ನನ್ನ ದನಿ ನಡುಗಿತು. ತೀರ್ಪುಗಾರರು ಅದನ್ನು ಭಾವಪೂರ್ಣ ಎಂದು ಹೊಗಳಿದರು. ಮೊದಲ ಬಹುಮಾನದ ಬೆಳ್ಳಿಬಣ್ಣದ ಕಪ್ ಹಿಡಿದು ಮನೆಗೆ ಬಂದಾಗ ಮಗ್ಗಗಳು ಇನ್ನೂ ನಡೆಯುತ್ತಿದ್ದವು. ಅಕ್ಕ ದೂರದಿಂದ, “ಗೆದ್ದಿಯೇನ?” ಎಂದು ತುಟಿಯಾಡಿಸಿದಳು. ನಾನು ಕಪ್ ಎತ್ತಿ ತೋರಿಸಿದೆ. ಅವಳು ನಕ್ಕಳು, ನಿಜವಾಗಿಯೂ ನಕ್ಕಳು. ನಾನು ಅದನ್ನು ಕ್ಷಮೆಯೆಂದು ತೆಗೆದುಕೊಂಡು ನಿಶ್ಚಿಂತಳಾದೆ. ಸಂಜೆ ಅಪ್ಪ ಬಟ್ಟೆ ಮಡಚುತ್ತ, ರೂಢಿಯಂತೆ ಬೆರಳಾಡಿಸುತ್ತ ಹೋದ. ಆ ದಿನದ ಬಟ್ಟೆಯಲ್ಲಿ ಒಂದೂ ದೋಷವಿರಲಿಲ್ಲ. ತಮಾಷೆಗೆ ಏನೂ ಸಿಗದೆ, ಮಡಚಿಟ್ಟು ಎದ್ದು ಹೋದ.

ಉಳಿದ ಐದು ಪೇಪರುಗಳಲ್ಲಿ ನಾಲ್ಕರ ದಿನ ಕರೆಂಟು ಇರಲಿಲ್ಲ. ನಾಲ್ಕನ್ನೂ ಅವಳು ಬರೆದಳು. ಸಮಾಜ ವಿಜ್ಞಾನದ ದಿನ ಬೆಳಿಗ್ಗೆ ಕರೆಂಟು ಮತ್ತೆ ಬಂತು. ಅಂದು ನಾನು ಮನೆಯಲ್ಲೇ ಇದ್ದೆ, ಮಗ್ಗಕ್ಕೆ ನಾನು ನಿಲ್ಲುತ್ತೇನೆ ಎಂದೆ. ಅಕ್ಕ, “ಒಂದ ಹೋದ ಮ್ಯಾಲ ಎರಡನೇದ್ದಕ್ಕ ಯಾಕ ಅಷ್ಟ ಬಡದಾಡ್ತಿ?” ಎಂದು ನನ್ನನ್ನು ದಾಟಿ ಮಗ್ಗಕ್ಕೆ ಹೋದಳು. ಫಲಿತಾಂಶದ ಹಾಳೆಯನ್ನು ಮಾಸ್ತರರು ಎರಡು ಕೈಯಲ್ಲಿ ಹಿಡಿದು ತಂದರು. ನಾಲ್ಕು ವಿಷಯಗಳಲ್ಲಿ ಪಾಸು, ಅದರಲ್ಲಿ ಎರಡರಲ್ಲಿ ನನಗೆ ಎಂದೂ ಬಾರದಷ್ಟು ಅಂಕ. ಕನ್ನಡದ ಎದುರಿಗೆ, ಸಮಾಜ ವಿಜ್ಞಾನದ ಎದುರಿಗೆ, ಗೈರುಹಾಜರು. ಒಟ್ಟಾರೆ ಅನುತ್ತೀರ್ಣ. ಆ ಶಬ್ದವನ್ನು ಮುದ್ರಿಸಿದ ಯಂತ್ರಕ್ಕೆ ಕಾರಣ ಬರೆಯುವ ಜಾಗವಿರಲಿಲ್ಲ. ಕನ್ನಡದಲ್ಲಿ ಕೊನೆಯಿಲ್ಲದ ಕಾದಂಬರಿಗಳಿಗೆ ಕೊನೆ ಬರೆದವಳು, ನನ್ನ ಬಹುಮಾನಗಳನ್ನೆಲ್ಲ ಬರೆದವಳು, ಕನ್ನಡದಲ್ಲಿ ಅನುತ್ತೀರ್ಣಳೆಂದು ಈ ನಾಡಿನ ದಾಖಲೆಯಲ್ಲಿ ಇಂದಿಗೂ ಇದೆ. ಮುಂದಿನ ಪರೀಕ್ಷೆಗೆ ಎರಡೇ ವಿಷಯ ಕಟ್ಟಿದ್ದರೆ ಸಾಕಿತ್ತು. ಆದರೆ ಆ ಮಳೆಗಾಲದಲ್ಲಿ ಮಾಸ್ತರರಿಗೆ ಹೊಸ ಊರಿನಲ್ಲಿ ಮನೆ ಸಿಕ್ಕಿತು. ಟ್ರಂಕುಗಳೊಂದಿಗೆ ಹೋದರು, ಎರಡು ವರ್ಷದಲ್ಲಿ ತೀರಿಕೊಂಡರು. ಅರ್ಜಿ ತುಂಬುವವರು ಯಾರೂ ಇರಲಿಲ್ಲ ಎಂದು ನಾನು ಬಹಳ ಕಾಲ ಹೇಳಿಕೊಂಡೆ. ಅರ್ಜಿ ತುಂಬಲು ನನಗೆ ಬರುತ್ತಿತ್ತು. ಮರುವರ್ಷ ಅಕ್ಕನನ್ನು ರಬಕವಿಗೆ ಕೊಟ್ಟರು, ಅಲ್ಲಿಯೂ ಮಗ್ಗಗಳು.

ಆ ಮನೆ ಈಗ ಇಲ್ಲ. ಅಪ್ಪ ಹೋದ ಮೇಲೆ ಮಗ್ಗಗಳನ್ನು ಬಿಚ್ಚಿ ಕಬ್ಬಿಣದ ತೂಕಕ್ಕೆ ಹಾಕಿದರು. ಶೆಡ್ಡು ಯಾರದೋ ಗೋದಾಮಾಯಿತು. ಅವ್ವ ನನ್ನ ಜೊತೆ ಕೆಲವು ವರ್ಷ ಇದ್ದು, ಕೊನೆಯ ತನಕ ಕೂಗಿ ಮಾತನಾಡುತ್ತ, ಕೂಗಿ ನಗುತ್ತ ಹೋದಳು. ನಾನು ಹೆಣ್ಣುಮಕ್ಕಳನ್ನು ಮರಳಿ ಶಾಲೆಗೆ ಸೇರಿಸುವ ಕೆಲಸಕ್ಕೆ ಇಳಿದೆ. ಬಾದಾಮಿಯಿಂದ ಮುಧೋಳದ ತನಕ ತಂದೆಯರ ಎದುರು ಕುಳಿತು ವಾದಿಸಿದೆ, ಹಲವರನ್ನು ಗೆದ್ದೆ. ಜಮಖಂಡಿಯ ಆ ಕಾರ್ಯಕ್ರಮದಲ್ಲೂ ಕರೆಂಟು ಮರಳಿ ಬಂದ ಮೇಲೆ ಎದ್ದು ನಿಂತು, ಅತಿಥಿಗಳಿಗೆ ಹೇಳಿದೆ. ಈ ಭಾಗದಲ್ಲಿ ಮಗ್ಗ ನಿಂತ ಪ್ರತಿ ಗಳಿಗೆಯೂ ಓದು ನಡೆದಿದೆ, ಹಸಿವಿಲ್ಲ ಎನ್ನುವ ಮೊದಲು ಉಣ್ಣಲು ಬಿಡದವರು ಯಾರು ಎಂದು ಕೇಳಿ ಎಂದೆ. ಅವರ ಕೈಯ ಗುಲಾಬಿ ಮೇಜಿನ ಮೇಲೆ ಇಳಿಯಿತು. ಚಪ್ಪಾಳೆ ಬಂತು. ಆ ಚಪ್ಪಾಳೆಯ ನಡುವೆ ನನಗೆ ನಾಚಿಕೆಯಾಯಿತು, ಏಕೆಂದರೆ ಉಣ್ಣಲು ಬಿಡದವರ ಪಟ್ಟಿಯಲ್ಲಿ ಒಂದು ಹೆಸರನ್ನು ನಾನು ಆ ದಿನವೂ ಹೇಳಿರಲಿಲ್ಲ. ಸಭೆ ಮುಗಿದ ಮೇಲೆ ನೇರವಾಗಿ ರಬಕವಿಯ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅವಳ ಕಿವಿ ಈಗ ಬಹಳ ಮಂದವಾಗಿದೆ. ತನ್ನ ದನಿ ತನಗೆ ಕೇಳಿಸದಾದ ಮೇಲೆ ಗಟ್ಟಿಯಾಗಿ ಓದುವುದನ್ನು ಅವಳು ಬಿಟ್ಟುಬಿಟ್ಟಿದ್ದಾಳೆ. ಮಕ್ಕಳ ಪುಸ್ತಕಗಳನ್ನು ತುಟಿ ಅಲುಗಿಸದೆ ಓದುತ್ತಾಳೆ. ನನ್ನ ತುಟಿ ಕಾಣುವಂತೆ ನಾನು ಅವಳೆದುರು ಕುಳಿತು, ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದೆ. “ಅಕ್ಕಾ, ಕನ್ನಡ ಪೇಪರ್ ದಿನಾ ನಾ ಮಗ್ಗಕ್ಕ ನಿಲ್ಲಬೇಕಿತ್ತು.”

ಅವಳು ಕೈ ನಿಲ್ಲಿಸಲಿಲ್ಲ. “ಹೌದು, ನಿಲ್ಲಬೇಕಿತ್ತು. ನಾ ನಿನ್ನ ಮಾರಿ ನೋಡಿದೆ, ನೀ ಗಡಿಯಾರ ನೋಡಿದಿ” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ವರ್ಷಗಳ ಹಿಂದೆಯೇ ಬರೆದಿಟ್ಟ ತೀರ್ಪನ್ನು ಓದಿ ಹೇಳಿದಂತಿತ್ತು. ಜೀವಮಾನವೆಲ್ಲ ಪ್ರತಿವಾದವನ್ನೇ ಕಲಿತ ನಾನು ತಲೆ ತಗ್ಗಿಸಿ, ಅವಳ ಮೊರದಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡು ತೊಟ್ಟು ಮುರಿಯತೊಡಗಿದೆ. ಅವಳು ನನ್ನ ಮೊಣಕೈ ತಟ್ಟಿ, ತಾನು ಕೇಳುವುದಿದೆ ಎಂಬಂತೆ ನನ್ನ ಮುಖ ಮೇಲೆತ್ತಿಸಿದಳು.

“ಅವತ್ತ ಪೇಪರ್‌ದಾಗ ಪ್ರಬಂಧಕ್ಕ ಏನ ಬಂದಿತ್ತ?”

ನನಗೆ ಗೊತ್ತಿರಲಿಲ್ಲ. ಅಂದು ಆ ಕೇಂದ್ರದಲ್ಲಿ ಪರೀಕ್ಷೆ ಬರೆದ ಹುಡುಗಿಯರು ನಮ್ಮ ಓಣಿಯಲ್ಲೇ ಇದ್ದರು. ಆ ಪ್ರಶ್ನೆಪತ್ರಿಕೆಯನ್ನು ಆ ಸಂಜೆಯೇ ಯಾರ ಕೈಯಿಂದಲಾದರೂ ಇಸಿದುಕೊಂಡು ತರಬಹುದಿತ್ತು. ನಾನು ಕಪ್ ತಂದಿದ್ದೆ.

ಇಲ್ಲವೆಂದು ತಲೆಯಾಡಿಸಿದೆ. ಅಕ್ಕ ಮೆಣಸಿನಕಾಯಿಯ ಮೊರವನ್ನು ತನ್ನ ಕಡೆ ಎಳೆದುಕೊಂಡಳು.

“ನಾ ಮೂರು ತಯಾರ ಮಾಡಿಟ್ಟಿದ್ದೆ” ಎಂದಳು. “ಮೂರರಾಗ ಒಂದರೆ ಬಂದಿರಬೇಕ.”